ಅಪ್ಪನ ಬಚ್ಚಲಿನ ಬಿಲ್ಲು

ಬಚ್ಚಲು ಕಟ್ಟಿದ್ದರ ಬಿಲ್ಲು ಕೈಗೆ ಬಂದಾಗಿನಿಂದ ಅವನು ಮೇಸ್ತ್ರಿಯನ್ನು ಮನಸ್ಸಿನಲ್ಲಿ ಎಷ್ಟು ಸಲ ಕೊಂದಿದ್ದನೋ ಅವನಿಗೇ ಲೆಕ್ಕವಿರಲಿಲ್ಲ. ಹಲ್ಲುಜ್ಜುತ್ತಾ ಕೊಂದಿದ್ದ, ಬಸ್ಸಿನಲ್ಲಿ ಕಂಬಿ ಹಿಡಿದು ಜೋತಾಡುತ್ತಾ ಕೊಂದಿದ್ದ, ಹೆಂಡತಿ ಪಕ್ಕದಲ್ಲಿ ಕೂತು ಅವಳ ಅಕ್ಕನ ಮನೆಯ ವಿಷಯ ಹೇಳುತ್ತಿದ್ದರೆ ಹೂಂಗುಟ್ಟುತ್ತಲೇ ಕೊಂದಿದ್ದ. ಒಂದು ಸಲ ಸಿಮೆಂಟು ತುಂಬಿದ ಬಾಂಡ್ಲಿಯಲ್ಲಿ ಮುಖ ಅದುಮಿ ಹಿಡಿದು, ಇನ್ನೊಂದು ಸಲ ಮೆಟ್ಟಿಲ ಮೇಲಿಂದ ನೂಕಿ, ಮತ್ತೊಂದು ಸಲ ಬರಿಗೈಯಲ್ಲೇ. ಬರಿಗೈಯಲ್ಲಿ ಕೊಂದಾಗ ಮಾತ್ರ ಒಂದು ಥರದ ಸಮಾಧಾನ ಸಿಗುತ್ತಿತ್ತು. ಈಗ ರಜೆಯ ದಿನದ ಬೆಳಿಗ್ಗೆ, ತಿಂಡಿಯ ಹೊತ್ತಿಗೆ ಬರುತ್ತೇನೆ ಎಂದಿದ್ದ ಮೇಸ್ತ್ರಿಗಾಗಿ ಕಾಯುತ್ತಾ, ಕಿಟಕಿಯ ಕಂಬಿಗೆ ಹಣೆ ಒತ್ತಿ ನಿಂತಿದ್ದ ಅವನನ್ನು ಬೀದಿಯಲ್ಲಿ ಹೋಗುವವರು ಯಾರಾದರೂ ನೋಡಿದ್ದರೆ, ಪಾಪ ತಲೆನೋವಿರಬೇಕು ಎಂದುಕೊಳ್ಳುತ್ತಿದ್ದರು. ಅಂಥ ಮುಖ ಅವನದು.

ನೀರು ಸರಬರಾಜಿನ ಕಚೇರಿಯಲ್ಲಿ ದೂರು ಕೇಳುವ ಕಿಟಕಿಯ ಹಿಂದೆ ಕೂರುವುದು ಅವನ ಕೆಲಸ. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ವಾಸನೆ ಹೊಡೆಯುವವರು, ಬಾರದ ನೀರಿಗೆ ಬಿಲ್ಲು ಬಂದವರು, ಎಲ್ಲರೂ ಬಂದು ಉಗಿದು ಹೋಗುವುದು ಅವನ ಮುಖಕ್ಕೇ. ಅವ್ವ ಅಪ್ಪ ಸೇರಿಸಿ ಬೈದರೂ ಅವನು ‘ಬರೆದುಕೊಂಡಿದ್ದೀನಿ, ನೋಡೋಣ’ ಎನ್ನುತ್ತಾನೆಯೇ ಹೊರತು ದನಿ ಏರಿಸುವುದಿಲ್ಲ. ಒಬ್ಬ ಒಮ್ಮೆ ಕಿಟಕಿಯ ತೂತಿನಿಂದ ಕೈ ತೂರಿಸಿ ಅವನ ಅಂಗಿಯ ಕಾಲರು ಹಿಡಿದು ಎಳೆದಾಡಿದಾಗಲೂ ಅವನು, ಗುಂಡಿ ಕಿತ್ತುಹೋಗುತ್ತೆ ಬಿಡಿ ಸ್ವಾಮಿ, ಎಂದಿದ್ದನಂತೆ. ಕಚೇರಿಯವರು ಅವನಿಗೆ ತಣ್ಣೀರು ಎಂದೇ ಹೆಸರಿಟ್ಟಿದ್ದರು. ಅವರಿಗೇನು ಗೊತ್ತು. ಕೈ ಎತ್ತದಿರುವುದು ಅವನ ಸ್ವಭಾವವಾಗಿರಲಿಲ್ಲ, ವ್ರತವಾಗಿತ್ತು. ಬೇರೆಯವರು ಮನೆ ಕಟ್ಟಿಸಿದ್ದನ್ನೋ ಮಕ್ಕಳನ್ನು ಓದಿಸಿದ್ದನ್ನೋ ಹೇಳಿಕೊಳ್ಳುವಾಗ ಅವನ ಹತ್ತಿರ ಹೇಳಿಕೊಳ್ಳುವುದಕ್ಕೆ ಇದ್ದದ್ದು ಇದೊಂದೇ: ಅಂಥ ಅಪ್ಪನಿಗೆ ಹುಟ್ಟಿಯೂ ತಾನು ಇವತ್ತಿನವರೆಗೆ ಒಂದು ಜೀವದ ಮೇಲೂ ಕೈ ಮಾಡಿಲ್ಲ. ಮದುವೆಗೆ ಮುಂಚೆ ಹೆಂಡತಿಯನ್ನು ನೋಡಲು ಹೋದಾಗ ಇಬ್ಬರನ್ನೇ ಹಿತ್ತಲಿಗೆ ಕಳಿಸಿದ್ದರು, ಆಗ ಅವನು ಹೇಳಿದ್ದು ಎರಡೇ ಮಾತು. ನಮ್ಮಪ್ಪ ಹೊಡೀತಾರೆ. ನಾನು ಹೊಡೆಯೋದಿಲ್ಲ. ಅವಳು ಸ್ವಲ್ಪ ಹೊತ್ತು ಅವನ ಕೈಗಳನ್ನೇ ನೋಡಿ, ಒಳಗೆ ಹೋಗಿ, ಆಗಬಹುದು ಎಂದಿದ್ದಳು. ಆ ಮಾತಿನ ಮೇಲೇ ಅವರ ಸಂಸಾರ ನಿಂತಿತ್ತು ಎಂದರೂ ನಡೆಯುತ್ತದೆ. ಅದಕ್ಕೇ ಅವನು ಕಿಟಕಿಯ ಹತ್ತಿರ ನಿಂತು ಮೇಸ್ತ್ರಿಯನ್ನು ಕೊಲ್ಲುತ್ತಿರುವಾಗ ಅಡುಗೆಮನೆಯಲ್ಲಿ ಅವಳು ಪಾತ್ರೆ ಸದ್ದು ಮಾಡಿದರೂ ಸಾಕು, ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಬೆಚ್ಚುತ್ತಿದ್ದ.

ಅಪ್ಪನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಅವರ ಕೋಣೆಗೆ ತಾಗಿಕೊಂಡೇ ಒಂದು ಬಚ್ಚಲು ಬೇಕಾಯಿತು. ಎತ್ತಿಕೊಂಡು ಹಿತ್ತಲಿಗೆ ಹೋಗುವುದು ಗಂಡ ಹೆಂಡತಿ ಇಬ್ಬರಿಗೂ ನರಕವಾಗಿತ್ತು. ಅಪ್ಪ ಈಗಲೂ ಭಾರದ ಆಳು, ಮೇಲಾಗಿ ಎತ್ತುವವರನ್ನು ಎಡಗೈಯಿಂದ ಗುದ್ದುತ್ತಿದ್ದರು. ಮೇಸ್ತ್ರಿ ಬಂದು ಹಾಸಿಗೆಯ ಪಕ್ಕದಲ್ಲೇ ನಿಂತು ಗೋಡೆ ತಟ್ಟಿ ನೋಡಿ, ಇಷ್ಟಾಗುತ್ತೆ ಸಾರ್, ಆಚೆ ಈಚೆ ಆದರೂ ನಾಲ್ಕು ಕಾಸು, ಎಂದಿದ್ದ. ಅಷ್ಟೇ ಮಾತು. ಕಾಗದವಿಲ್ಲ, ಪತ್ರವಿಲ್ಲ. ಕಾಗದ ಕೇಳಿದರೆ ತನ್ನ ಮೇಲೆ ನಂಬಿಕೆಯಿಲ್ಲ ಎಂದು ಮೇಸ್ತ್ರಿ ಬೇಜಾರು ಮಾಡಿಕೊಂಡಾನು ಎಂಬ ದಾಕ್ಷಿಣ್ಯ ಇವನಿಗೆ. ದಿನವಿಡೀ ಬೇರೆಯವರ ದೂರುಗಳನ್ನು ಬರೆದುಕೊಳ್ಳುವ ಮನುಷ್ಯ, ತನ್ನದೊಂದು ಮಾತನ್ನು ಬರೆಸಿಕೊಳ್ಳಲಾರದೆ, ಆಯ್ತು ಮಾಡಿ, ನೋಡೋಣ, ಎಂದ. ಮೇಸ್ತ್ರಿ ಹೇಳಿದಷ್ಟನ್ನೇ ಕಚೇರಿಯ ಸೊಸೈಟಿಯಲ್ಲಿ ಸಾಲ ಎತ್ತಿದ. ಒಂದು ಪೈಸೆ ಹೆಚ್ಚಾಗಲ್ಲ ಕಣೆ, ಎಂದು ಹೆಂಡತಿಗೆ ಹೇಳಿದ. ಆಮೇಲೆ ಕೆಲಸ ಶುರುವಾಯಿತು, ಇವನು ಮಾಮೂಲಿಗಿಂತ ಬೇಗ ಕಚೇರಿಗೆ ಹೊರಟು ಮಾಮೂಲಿಗಿಂತ ತಡವಾಗಿ ಬರತೊಡಗಿದ. ಧೂಳಿಗೆ ಕೆಮ್ಮು ಬರುತ್ತದೆ ಎಂದು ನೆಪ. ನಿಜ ಹೇಳಬೇಕೆಂದರೆ ಅಪ್ಪ ಇರುವ ಕೋಣೆಯಲ್ಲಿ ಹಗಲು ಹೊತ್ತು ಇರುವುದು ಅವನಿಗೆ ಈ ವಯಸ್ಸಿನಲ್ಲೂ ಆಗುತ್ತಿರಲಿಲ್ಲ. ಅಪ್ಪನ ನಾಲಿಗೆ ಹೊರಳದೆ, ಬಾಯಿಂದ ಬರುವುದೆಲ್ಲ ಒದ್ದೆ ಬಟ್ಟೆ ಹಿಂಡಿದ ಹಾಗೆ ಬರುತ್ತಿತ್ತು. ಅದು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಎಲ್ಲದಕ್ಕೂ ಹೂಂ ಎನ್ನುವುದು ಮನೆಯಲ್ಲಿ ರೂಢಿಯಾಗಿತ್ತು. ಇವನಂತೂ ಅದು ಅರ್ಥವಾಗದಿರುವುದೇ ದೇವರು ತನಗೆ ಕೊಟ್ಟ ದೊಡ್ಡ ವರ ಎಂದುಕೊಂಡಿದ್ದ.

ಬಂದ ಬಿಲ್ಲು ಹೇಳಿದ್ದರ ಒಂದೂವರೆ ಪಟ್ಟು. ಗೋಡೆಗೆ ಸೂರಿನವರೆಗೆ ಟೈಲ್ಸು, ಎರಡು ಬಾಗಿಲಿನಷ್ಟು ಅಗಲದ ಒಂದು ಬಾಗಿಲು, ಬೀದಿ ಕಡೆಗೆ ಕಿಟಕಿ, ಕೂರುವುದಕ್ಕೆ ಕಪ್ಪು ಕಲ್ಲಿನ ಕಟ್ಟೆ, ಬಿಸಿ ತಣ್ಣಗೆ ಬೇರೆ ಬೇರೆ ನಲ್ಲಿ, ಆಳೆತ್ತರದಲ್ಲಿ ಕನ್ನಡಿ. ಇದನ್ನೆಲ್ಲ ಯಾರು ಕೇಳಿದರು? ಹೆಂಡತಿಯನ್ನು ಕೇಳಿದರೆ, ನನ್ನನ್ನೇನು ಕೇಳ್ತೀರಿ, ನಿಮ್ಮನ್ನ ಕೇಳೇ ಮಾಡ್ತಿದಾರೆ ಅಂದ್ಕೊಂಡಿದ್ದೆ, ಎಂದಳು. ಮೇಸ್ತ್ರಿ ದಿನಾ ಕೆಲಸದ ಮಧ್ಯೆ ಮಾವನ ಹತ್ತಿರ ಕೂತು ಟೀ ಕುಡಿಯುತ್ತಿದ್ದನಂತೆ, ಅವರೇನೋ ಗೊರಗೊರ ಅನ್ನುವುದು, ಮೇಸ್ತ್ರಿ ತಲೆಯಾಡಿಸುವುದು. ಮುದುಕರಿಗೆ ಒಂದು ಜೊತೆಯಾಯಿತಲ್ಲ ಎಂದು ಅವಳು ಸುಮ್ಮನಿದ್ದಳು. ನೀವು ದಿನಾ ರಾತ್ರಿ ಬಂದು ಬಚ್ಚಲಿಗೆ ಇಣುಕಿ ಹೋಗ್ತಿರ್ಲಿಲ್ವಾ, ಎಂದು ಅವಳು ಕೇಳಿದಳು. ಇಣುಕುತ್ತಿದ್ದ. ಕಟ್ಟೆ ಎದ್ದಿದ್ದನ್ನು ನೋಡಿದ್ದ, ಕಿಟಕಿಗೆ ಗೋಡೆ ಒಡೆದದ್ದನ್ನು ನೋಡಿದ್ದ. ಇದಕ್ಕೆ ಬೇರೆ ದುಡ್ಡಾಗುತ್ತದಾ ಎಂದು ಮೇಸ್ತ್ರಿಯನ್ನು ಕೇಳಬೇಕು ಎಂದುಕೊಂಡು, ಕೇಳಿದರೆ ಹೌದು ಎಂದುಬಿಟ್ಟರೆ ಏನು ಗತಿ ಎಂದು ಹೆದರಿ, ನಾಳೆ ಕೇಳೋಣ ಎಂದು ಮಲಗುತ್ತಿದ್ದ. ಈಗ ಆ ನಾಳೆಗಳೆಲ್ಲ ಒಟ್ಟಿಗೇ ಬಂದು ಎದೆಯ ಮೇಲೆ ಕೂತಿದ್ದವು.

ಕಿಟಕಿ ಬಿಟ್ಟು ಅವನು ಬಚ್ಚಲಿಗೆ ಹೋದ. ಹೋಗಬೇಕಾದರೆ ಅಪ್ಪನ ಹಾಸಿಗೆ ದಾಟಿಯೇ ಹೋಗಬೇಕು. ಅಪ್ಪ ಕಣ್ಣು ಮುಚ್ಚಿದ್ದರು, ನಿದ್ದೆಯೋ ಸೋಗೋ ಹೇಳಲಾಗದು. ಒಳಗೆ ಹೊಸ ಸಿಮೆಂಟಿನ ಹಸಿ ವಾಸನೆ. ಮೂಲೆಯಲ್ಲಿ ಮೇಸ್ತ್ರಿ ಇನ್ನೂ ಒಯ್ಯದ ಸಾಮಾನು: ಕರಣೆ, ಒಡೆದ ಟೈಲ್ಸಿನ ಚೂರು, ಗಾರೆ ಸಮ ಮಾಡಿ ಗೋಡೆಗೆ ಒರಗಿಸಿದ ಉದ್ದನೆಯ ಮಟ್ಟಗೋಲು. ಅವನು ಕನ್ನಡಿಯ ಮುಂದೆ ನಿಂತ. ಕನ್ನಡಿಯಲ್ಲಿ ಅವನ ತಲೆ ಸರಿಯಾಗಿ ನಡುವೆ ಬಂತು. ನಿಂತವನಿಗೆ ಹಾಕಿದ ಕನ್ನಡಿ ಅದು. ಇನ್ನು ಯಾವತ್ತೂ ನಿಲ್ಲಲಾರದ ಮನುಷ್ಯನ ಬಚ್ಚಲಿನಲ್ಲಿ ನಿಂತು ನೋಡಿಕೊಳ್ಳುವ ಕನ್ನಡಿ. ಅವನಿಗೆ ಒಂದು ಗಳಿಗೆ ಪಾಪ ಎನ್ನಿಸಿತು, ಮರುಗಳಿಗೆಗೆ ಮೈಯೆಲ್ಲ ಉರಿಯಿತು. ಅಪ್ಪ ಹೀಗೇ ನಿಂತು ಗಡ್ಡ ಮಾಡಿಕೊಳ್ಳುತ್ತಿದ್ದರು, ಹಳೇ ಮನೆಯ ಬೀರುವಿನ ಕನ್ನಡಿಯ ಮುಂದೆ, ಬರಿಮೈಯಲ್ಲಿ, ಸಿಳ್ಳೆ ಹಾಕುತ್ತಾ. ಅಮ್ಮ ಪಕ್ಕದಲ್ಲಿ ಬಿಸಿನೀರಿನ ಚೊಂಬು ಹಿಡಿದು ನಿಂತಿರಬೇಕು. ಒಂದು ದಿನ ನೀರು ಹೆಚ್ಚು ಬಿಸಿಯಾಗಿತ್ತು ಅಂತ ಕಾಣುತ್ತೆ, ಅಪ್ಪ ಅವಳ ಕೈಯಿಂದ ಚೊಂಬು ತೆಗೆದುಕೊಂಡು ಅದರಿಂದಲೇ ಅವಳ ಕಿವಿಯ ಮೇಲೆ ಬಾರಿಸಿದರು. ಚೊಂಬು ನೆಗ್ಗಿತು. ಸಿಳ್ಳೆ ನಿಲ್ಲಲಿಲ್ಲ. ಬಾಗಿಲಲ್ಲಿ ನಿಂತಿದ್ದ ಇವನ ಕಣ್ಣು ಕನ್ನಡಿಯೊಳಗೆ ಅಪ್ಪನ ಕಣ್ಣಿಗೆ ಸಿಕ್ಕಿತು, ಅಪ್ಪ ನೊರೆ ತುಂಬಿದ ಮುಖದಲ್ಲಿ ಒಂದು ಕಣ್ಣು ಮಿಟುಕಿಸಿದರು. ಏಟು ತಿಂದ ದಿನಗಳನ್ನು ಅವನು ಮರೆತದ್ದುಂಟು. ಬೆಲ್ಟಿನ ಬಕಲು ಬೆನ್ನಿಗೆ ಬಿದ್ದದ್ದು, ಬಾಗಿಲ ಸಂದಿಯಲ್ಲಿ ಬೆರಳಿಟ್ಟು ಅದುಮಿದ್ದು, ಎಲ್ಲ ಮಸುಕಾಗಿದೆ. ಆ ಕಣ್ಣು ಮಿಟುಕಿಸಿದ್ದು ಮಾತ್ರ ಮರೆಯಲಾಗಿಲ್ಲ. ಆಗ ಅವನು ನಕ್ಕಿದ್ದ.

ಮೇಸ್ತ್ರಿ ಬಂದ. ಒಗೆದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ನೆಂಟರ ಮನೆಗೆ ಬಂದವನ ಹಾಗೆ ಬಂದ. ಮೊದಲು ಹೋಗಿ ಅಪ್ಪನನ್ನು ಮಾತಾಡಿಸಿದ, ಹೇಗಿದ್ದೀರಿ ಯಜಮಾನ್ರೇ ಅಂತ. ಆಮೇಲೆ ಬಚ್ಚಲೊಳಗೆ ಇವನ ಹತ್ತಿರ ಬಂದು ನಲ್ಲಿ ತಿರುಗಿಸಿ ತೋರಿಸಿ, ಕಟ್ಟೆಯನ್ನು ಅಂಗೈಯಿಂದ ಸವರಿ, ನೋಡಿ ಸಾರ್ ಫಿನಿಶಿಂಗು, ಎಂದ. ಇವನು ರಾತ್ರಿಯೆಲ್ಲ ಕಲಿತಿಟ್ಟುಕೊಂಡಿದ್ದ ಮಾತುಗಳು ಬಾಯಿಗೆ ಬರಲಿಲ್ಲ. ಕಚೇರಿಯ ಕಿಟಕಿಯಲ್ಲಿ ಆಡುವ ದನಿಯಲ್ಲೇ, ಸ್ವಲ್ಪ ಹೆಚ್ಚಾಯ್ತಲ್ವಾ ಮೇಸ್ತ್ರಿ, ನೀವು ಹೇಳಿದ್ದು ಬೇರೆ ಇತ್ತು, ಎಂದ. ಮೇಸ್ತ್ರಿ ಲೆಕ್ಕ ಒಪ್ಪಿಸಿದ. ಮರಳಿನ ರೇಟು ಏರಿದ್ದು, ಆಳುಗಳ ಕೂಲಿ ಏರಿದ್ದು, ಕಲ್ಲು ಎರಡು ಸಲ ತರಿಸಬೇಕಾಗಿ ಬಂದದ್ದು. ಹೇಳುತ್ತಾ ಹೇಳುತ್ತಾ ಅವನ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಕಡ್ಡಿಯನ್ನು ಗುಡ್ಡ ಮಾಡಿದ್ದಾನೆ, ಅವನಿಗೂ ಅದು ಗೊತ್ತು, ಎಂಬುದು ಇವನಿಗೆ ಕಂಡಿತು. ಕಂಡರೂ ಇವನು, ಹಾಗಲ್ಲ ಮೇಸ್ತ್ರಿ, ನೋಡೋಣ ಏನಾದ್ರೂ ಮಾಡಿ, ಎಂದು ಗೋಗರೆದ. ಗೋಗರೆದದ್ದು ತನ್ನ ಮನೆಯಲ್ಲಿ, ತಾನು ಸಾಲ ಮಾಡಿದ ದುಡ್ಡಿಗೆ. ತನ್ನ ದನಿ ತನಗೇ ಅಸಹ್ಯವಾಗಿ, ಅವನು ನಲ್ಲಿಯ ಹಿಡಿಯನ್ನು ಬೆರಳು ಬಿಳುಚುವಷ್ಟು ಒತ್ತಿ ಹಿಡಿದುಕೊಂಡ.

ಸೂರಿನವರೆಗೆ ಟೈಲ್ಸು ಯಾರು ಹೇಳಿದ್ದು, ಈ ಕಟ್ಟೆ ಯಾರು ಹೇಳಿದ್ದು, ಈ ಕನ್ನಡಿ ಯಾರು ಹೇಳಿದ್ದು, ಎಂದು ಕೊನೆಗೆ ಕೇಳಿದ. ಮೇಸ್ತ್ರಿ ಹುಬ್ಬೇರಿಸಿ ಹಾಸಿಗೆಯ ಕಡೆ ನೋಡಿದ. ಯಜಮಾನ್ರು ಹೇಳಿದ್ರಲ್ಲ ಸಾರ್. ಇವನು ನಗಲು ನೋಡಿದ, ಅವರ ಮಾತು ನಿಮಗೆ ತಿಳಿಯುತ್ತಾ ಎಂದ. ನಿಧಾನವಾಗಿ ಕೇಳಿಸಿಕೊಂಡರೆ ತಿಳಿಯುತ್ತದೆ, ಮೊದಲ ವಾರ ಕಷ್ಟವಾಯಿತು, ಆಮೇಲೆ ಎಲ್ಲ ತಿಳಿಯಿತು ಎಂದ ಮೇಸ್ತ್ರಿ. ಇವನು ತಿರುಗಿ ನೋಡಿದ. ಹಾಸಿಗೆಯ ಮೇಲೆ ಅಪ್ಪ ಕಣ್ಣು ಬಿಟ್ಟಿದ್ದರು. ಅಗಲವಾದ ಬಾಗಿಲಿನಿಂದ ಅವರಿಗೆ ಬಚ್ಚಲೆಲ್ಲ ಕಾಣುತ್ತಿತ್ತು, ಆ ಅಗಲ ಅದಕ್ಕೇ ಎಂದು ಇವನಿಗೆ ಆಗ ಹೊಳೆಯಿತು.

"ದುಡ್ಡು ಕೊಡೋನು ನಾನು. ನನ್ನನ್ನೊಂದು ಮಾತು ಕೇಳಬೇಕು ಅನಿಸಲಿಲ್ವಾ ನಿಮಗೆ?"

"ನಾನು ಕೇಳ್ದೆ ಸಾರ್. ನಿಮ್ಮ ಮಗನ್ನ ಒಂದು ಮಾತು ಕೇಳ್ಲಾ ಅಂತ ಯಜಮಾನ್ರನ್ನೇ ಕೇಳ್ದೆ."

"ಏನಂದ್ರು?"

ಮೇಸ್ತ್ರಿ ಕತ್ತು ಕೆರೆದುಕೊಂಡ. ಹೇಳಬಾರದಿತ್ತು. ಆದರೆ ದುಡ್ಡು ಕೈತಪ್ಪುವ ಭಯ ಅವನಿಗೂ ಹತ್ತಿತ್ತು, ಮೇಲಾಗಿ ಈ ತಣ್ಣನೆಯ ಮನುಷ್ಯನಿಗೆ ಯಾರೂ ಹೆದರುತ್ತಿರಲಿಲ್ಲ.

"ಅವನನ್ನೇನು ಕೇಳ್ತೀಯ, ಅವನಿಗೆ ಕೇಳೋಕೂ ಬಾಯಿಲ್ಲ, ಹೊಡೆಯೋಕೂ ಕೈಯಿಲ್ಲ. ಎಷ್ಟು ಬರೆದ್ರೂ ಕೊಡ್ತಾನೆ, ಬರಿ ಅಂದ್ರು. ನಾನು ಹೇಳಿದ್ದಲ್ಲ ಸಾರ್, ಅವರಂದಿದ್ದು."

ಆಮೇಲೆ ನಡೆದದ್ದನ್ನು ಅವನು ಯೋಚಿಸಿ ಮಾಡಿದ್ದಲ್ಲ ಎಂದರೆ ಸುಳ್ಳಾದೀತು. ಕೈ ಏಳುವ ಮುಂಚೆ ಒಂದು ಗಳಿಗೆಯಿತ್ತು, ಆ ಗಳಿಗೆಯಲ್ಲಿ ಅವನಿಗೆ ಎಲ್ಲ ಸ್ಪಷ್ಟವಾಗಿ ಗೊತ್ತಿತ್ತು: ಇಷ್ಟು ವರ್ಷ ಕಾಪಾಡಿಕೊಂಡದ್ದು ಈಗ ಹೋಗುತ್ತದೆ, ಹೋದರೆ ತಿರುಗಿ ಬರುವುದಿಲ್ಲ. ಗೊತ್ತಿದ್ದೂ ಅವನು ಬಾರಿಸಿದ. ಮೊದಲನೆಯದು ಕೆನ್ನೆಗೆ, ಹಿಂಗೈಯಿಂದ. ಅಂಥ ಏಟು ಎಲ್ಲಿ ಕಲಿತನೋ, ಮಣಿಕಟ್ಟು ತಾನೇ ತಿರುಗಿತು. ಮೇಸ್ತ್ರಿ ಆಶ್ಚರ್ಯದಿಂದ ಸಾರ್ ಎಂದ, ಅಷ್ಟೇ. ಎರಡನೆಯದಕ್ಕೆ ಅವನು ಹಿಂದಕ್ಕೆ ಸರಿದು, ಒದ್ದೆ ನೆಲದಲ್ಲಿ ಕಾಲು ಜಾರಿ, ತಾನೇ ಕಟ್ಟಿದ ಕಲ್ಲಿನ ಕಟ್ಟೆಯ ಅಂಚಿಗೆ ತಲೆ ತಗುಲಿಸಿಕೊಂಡು ಬಿದ್ದ. ಟಕ್ಕೆಂದು ಸದ್ದಾಯಿತು. ಅಲ್ಲಿಗೆ ನಿಲ್ಲಿಸಿದ್ದರೆ ಜಾರಿ ಬಿದ್ದ ಎನ್ನಬಹುದಿತ್ತು. ಇವನು ನಿಲ್ಲಿಸಲಿಲ್ಲ. ಬಿದ್ದವನ ಪಕ್ಕೆಗೆ ಒದ್ದ. ಮತ್ತೆ ಒದ್ದ. "ಯಾರಿಗೋ ಬಾಯಿಲ್ಲ? ಯಾರಿಗೋ ಕೈಯಿಲ್ಲ? ಈಗ ಹೇಳೋ, ಈಗ ಬರಿಯೋ ಬಿಲ್ಲು," ಎಂದ. ನೀವು ಎನ್ನುತ್ತಿದ್ದವನ ಬಾಯಲ್ಲಿ ಆ ಏಕವಚನ ಹುಟ್ಟಿನಿಂದ ಅಲ್ಲೇ ಇದ್ದ ಹಾಗೆ ಸಲೀಸಾಗಿ ಬಂತು. ಕೈ ತಡಕಾಡಿ ಮಟ್ಟಗೋಲು ಎತ್ತಿಕೊಂಡಿತು. ಮೇಸ್ತ್ರಿ ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದ, ಏಟು ಮೊಣಕೈಗೆ ಬಿತ್ತು, ಮೂಳೆಯ ಸದ್ದು ಮಟ್ಟಗೋಲಿನಗುಂಟ ಏರಿ ಇವನ ಭುಜಕ್ಕೆ ಮುಟ್ಟಿತು. ಎಷ್ಟು ಸುಲಭವಪ್ಪಾ ಇದು ಎನ್ನಿಸಿತು ಅವನಿಗೆ. ಎಷ್ಟು ಹಗುರ. ಮೈಯಲ್ಲಿ ಎಲ್ಲೋ ಕಟ್ಟಿಕೊಂಡಿದ್ದ ಕೊಳಾಯಿ ಬಿಟ್ಟುಕೊಂಡ ಹಾಗೆ. ಕಾಲರು ಹಿಡಿದು ಎಳೆದಾಡಿದವನಿಗೆ ಒಂದು, ಸಾಲಕ್ಕೆ ಅಲೆದಾಡಿಸಿದ ಸೊಸೈಟಿಯ ಗುಮಾಸ್ತನಿಗೆ ಒಂದು, ನೆಗ್ಗಿದ ಚೊಂಬಿಗೆ ಒಂದು. ಬಿಳೀ ಟೈಲ್ಸಿನ ಮೇಲೆ ರಕ್ತ ಸಣ್ಣಸಣ್ಣ ಚುಕ್ಕಿಯಾಗಿ ಸಿಡಿದದ್ದನ್ನು ನೋಡಿ ಅವನು, ಸೂರಿನವರೆಗೆ ಹಾಕಿದ್ದು ಒಳ್ಳೆಯದಾಯಿತು, ಒರೆಸಿದರೆ ಹೋಗುತ್ತೆ, ಎಂದುಕೊಂಡ. ಹಾಗೆ ಎಂದುಕೊಂಡದ್ದು ನೆನಪಿದೆ ಅವನಿಗೆ.

ಹೆಂಡತಿ ಬಂದಳು. ಕೂಗಲಿಲ್ಲ. ಹಿಂದಿನಿಂದ ಅವನ ತೋಳು ಹಿಡಿದಳು, ಅವನು ಕೊಡವಿದ, ಅವಳು ಬಾಗಿಲ ಚೌಕಟ್ಟಿಗೆ ಹೋಗಿ ಅಪ್ಪಳಿಸಿದಳು. ಆಗ ಅವನು ನಿಂತ. ಅವಳು ಭುಜ ಹಿಡಿದುಕೊಂಡು ಅವನ ಮುಖ ನೋಡಲಿಲ್ಲ, ಕೈಗಳನ್ನು ನೋಡಿದಳು. ನೋಡಿ, ಸುತ್ತು ಹಾಕಿಕೊಂಡು ಅವನನ್ನು ದಾಟಿ ಹೋಗಿ ನೆಲದಲ್ಲಿ ಕೂತು, ಮೇಸ್ತ್ರಿಯ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡು, ತಣ್ಣೀರಿನ ನಲ್ಲಿ ಬಿಟ್ಟು ಸೆರಗು ನೆನೆಸಿದಳು. ಮೇಸ್ತ್ರಿಯ ಹುಬ್ಬಿನ ಮೇಲೆ ಚರ್ಮ ಬಿರಿದಿತ್ತು. ಬಲಗೈ ಹೇಗೋ ತಿರುಚಿಕೊಂಡು ಹೊಟ್ಟೆಯ ಮೇಲೆ ಬಿದ್ದಿತ್ತು, ಅದನ್ನು ಮುಟ್ಟಿದರೆ ಅವನು ಮಗುವಿನ ಹಾಗೆ ಅಳುತ್ತಿದ್ದ. ಆ ಕೈಯಲ್ಲಿ ಇನ್ನು ಎಷ್ಟು ತಿಂಗಳು ಕರಣೆ ಹಿಡಿಯಲಾಗದೋ. ಇವನು ಮಟ್ಟಗೋಲನ್ನು ಜಾಗ್ರತೆಯಿಂದ ಗೋಡೆಗೆ ಒರಗಿಸಿದ. ಏನಾದರೂ ಹೇಳಬೇಕೆನ್ನಿಸಿತು. ಡಾಕ್ಟರ ಹತ್ತಿರ ಹೋಗೋಣ, ಆಟೋ ತರ್ತೀನಿ ಎಂದ. ಆ ಮಾತು ಕೇಳಿ ಮೇಸ್ತ್ರಿ ಅವಳ ಮಡಿಲೊಳಕ್ಕೆ ಮುದುಡಿಕೊಂಡ. "ಬೇಡ ಸಾರ್," ಎಂದ. "ಮೊದಲು ಹೇಳಿದ್ದಷ್ಟೇ ಕೊಡಿ. ಮೇಲಿಂದು ಬೇಡ. ಅದೂ ಈಗ ಆಗದಿದ್ರೆ ಆಮೇಲೆ ಕೊಡಿ. ಪೊಲೀಸು ಗಿಲೀಸು ಏನೂ ಇಲ್ಲ ಸಾರ್, ಜಾರಿ ಬಿದ್ದೆ ಅಂತೀನಿ."

ಇಷ್ಟು ದಿನ ಒದ್ದಾಡಿದ್ದು ಇದಕ್ಕೇ. ಬಾಯಿಬಿಟ್ಟು ಗೋಗರೆದರೂ ಸಿಗದಿದ್ದದ್ದು ಹೀಗೆ ಸಿಕ್ಕಿತ್ತು. ಇಲ್ಲ ಮೇಸ್ತ್ರಿ, ಪೂರ್ತಿ ಕೊಡ್ತೀನಿ, ಎಂದು ಹೇಳುವುದಕ್ಕೆ ಅವನು ಬಾಯಿ ತೆರೆದ. ಪೂರ್ತಿ ಕೊಡಲು ದುಡ್ಡೆಲ್ಲಿದೆ ಎಂಬ ಯೋಚನೆ ಆ ಮಾತಿಗಿಂತ ಮೊದಲು ಬಂದು ನಿಂತಿತು. ಅವನು ಬಾಯಿ ಮುಚ್ಚಿದ. ಹೆಂಡತಿ ಅದನ್ನೂ ನೋಡಿದಳು. ಮೇಸ್ತ್ರಿಯನ್ನು ನಿಧಾನಕ್ಕೆ ಎಬ್ಬಿಸಿ ನಿಲ್ಲಿಸಿ, ಅವನ ಒಳ್ಳೆಯ ಕೈಯನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು, ತಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಎಂದಳು. ಬಾಗಿಲಲ್ಲಿ ಅವನು ಅಡ್ಡ ನಿಂತಿದ್ದ. ದಾರಿ ಬಿಡಿ ಎನ್ನುವುದಕ್ಕೂ ಅವಳು ಅವನ ಕಡೆ ತಿರುಗಲಿಲ್ಲ.

"ನೀವು ಹೋಗಿ ನಿಮ್ಮಪ್ಪನ ಹತ್ತಿರ ಕೂತ್ಕೊಳ್ಳಿ," ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಏನಾದರೂ ಸಮಜಾಯಿಷಿ ಹೇಳುತ್ತಿದ್ದ. ಅವರಿಬ್ಬರೂ ನಡುಮನೆ ದಾಟಿದ್ದು, ಮೇಸ್ತ್ರಿ ಚಪ್ಪಲಿ ಮೆಟ್ಟಲಾಗದೆ ಬರಿಗಾಲಲ್ಲೇ ಹೊಸಿಲು ದಾಟಿದ್ದು, ಗೇಟಿನ ಸದ್ದಾದದ್ದು ಕೇಳಿಸಿತು. ಅವಳು ತಿರುಗಿ ಬರುತ್ತಾಳೆ, ಬರದೆ ಎಲ್ಲಿಗೆ ಹೋಗುತ್ತಾಳೆ. ಬಂದು ಅಡುಗೆ ಮಾಡುತ್ತಾಳೆ, ಪಕ್ಕದಲ್ಲೇ ಮಲಗುತ್ತಾಳೆ, ನಡುರಾತ್ರಿ ಅವನು ಮಗ್ಗುಲು ಬದಲಿಸಿದರೆ ಎಚ್ಚರಾಗುತ್ತಾಳೆ. ಅಮ್ಮ ಹಾಗೇ ಎಚ್ಚರಾಗುತ್ತಿದ್ದಳು. ಅವನಿಗೆ ಅಳು ಬರಬೇಕಿತ್ತು. ಬರಲಿ ಎಂದು ಕಾದ. ಅಳುವಿನ ಜಾಗದಲ್ಲಿ ಮೈಗೆ ಒಂದು ಸುಖದ ಸುಸ್ತು ಮಾತ್ರ ಬಂತು, ದೊಡ್ಡ ಕೆಲಸ ಮುಗಿಸಿದವನಿಗೆ ಬರುವಂಥದು. ಎಲ್ಲಾದರೂ ಕೂರಬೇಕಾಗಿತ್ತು.

ಅಪ್ಪ ಎಡಗೈಯಿಂದ ಹೊದಿಕೆ ಸರಿಸಿ ಹಾಸಿಗೆಯ ಅಂಚಿನಲ್ಲಿ ಜಾಗ ಮಾಡಿದರು. ಬುದ್ಧಿ ಬಂದಾಗಿನಿಂದ ಅವನು ಆ ಮನುಷ್ಯನ ಕೈಗೆ ಎಟುಕುವಷ್ಟು ಹತ್ತಿರ ಬೇಕೆಂದು ಕೂತವನಲ್ಲ. ಕೂತ. ಅಪ್ಪನ ಬಿದ್ದುಹೋದ ಅರ್ಧ ಮುಖ ಹಾಗೇ ಇತ್ತು, ಇನ್ನರ್ಧ ಮುಖ ನಗುತ್ತಿತ್ತು. ಅವರು ಬಾಯಿ ತೆರೆದು ಆ ಹಿಂಡಿದ ದನಿಯಲ್ಲಿ ಏನೋ ಕೇಳಿದರು. ಅವನು ರೂಢಿಯಂತೆ ಹೂಂ ಎನ್ನಲು ಹೋಗಿ ತಡೆದ. ಅವರ ತುಟಿ ನೋಡುತ್ತಾ, ಇನ್ನೊಂದು ಸಲ ಹೇಳಿ ಎಂದ. ಅಪ್ಪ ಅವಸರಪಡದೆ ಮತ್ತೆ ಹೇಳಿದರು. ಮೇಸ್ತ್ರಿ ಹೇಳಿದ್ದು ಸರಿ, ನಿಧಾನವಾಗಿ ಕೇಳಿಸಿಕೊಂಡರೆ ಅದು ಅಂಥ ಕಷ್ಟವೇನಲ್ಲ. ಎಷ್ಟು ಇಳಿಸಿದ, ಎಂದು ಅಪ್ಪ ಕೇಳುತ್ತಿದ್ದರು.

"ಮೇಲಿಂದು ಪೂರ್ತಿ ಬಿಟ್ಟ ಅಪ್ಪಾ," ಎಂದ ಅವನು. ಅಪ್ಪ ಅವನ ಬೆನ್ನು ತಟ್ಟಿದರು, ಅವನಿಗೆ ಸಂತೋಷವಾಯಿತು.